ಮಗಳಿಗೊಂದು ಪತ್ರ: ಅಜ್ಜಿಯ ಬೀಡಿ ಪುಸ್ತಕ

ಪ್ರೀತಿಯ ಮಗಳೇ,

ಅಜ್ಜಿಯ ವರ್ಷಾಂತಿಕಕ್ಕೆ ನೀನು ಬರೆದದ್ದನ್ನು ಓದಿದೆ. ಚೆನ್ನಾಗಿ ಬರೆದಿದ್ದಿ. ಪಕ್ಕದ ಮನೆಯವರಂತೂ ಓದಿ ಕಣ್ಣೊರೆಸಿಕೊಂಡರು. ಆದರೆ "ತ್ಯಾಗಮಯಿ", "ತನಗಾಗಿ ಏನನ್ನೂ ಕೇಳದ ಜೀವ" ಎಂದೆಲ್ಲ ಬರೆದಿದ್ದೀಯಲ್ಲ, ಅದನ್ನು ಅವರೇ ಓದಿದ್ದರೆ ನಕ್ಕುಬಿಡುತ್ತಿದ್ದರು. ಅವರು ಕೇಳುತ್ತಿದ್ದರು ಮಾರಾಯ್ತಿ. ಎಲೆಯ ತೂಕ ಕೇಳುತ್ತಿದ್ದರು, ಬೋನಸ್ ಯಾವಾಗ ಎಂದು ಕೇಳುತ್ತಿದ್ದರು, ಪಿ.ಎಫ್. ಹಣ ನಮ್ಮ ಹೆಸರಿಗೆ ಬಿದ್ದದ್ದಕ್ಕೆ ಚೀಟಿ ಎಲ್ಲಿ ಎಂದು ಕೇಳುತ್ತಿದ್ದರು. "ಮನೆಯಲ್ಲೇ ಇದ್ದು ಬೀಡಿ ಕಟ್ಟಿ ಅಜ್ಜನಿಗೆ ನೆರವಾದರು" ಎಂದೂ ಬರೆದಿದ್ದಿ. ಯಾರಿಗೆ ಯಾರು ನೆರವಾದರು ಎಂಬುದು ನಾನು ಕಣ್ಣಾರೆ ನೋಡಿದ ಲೆಕ್ಕ. ಫೋನಿನಲ್ಲಿ ಹೇಳಹೊರಟರೆ ನೀನು "ಮೀಟಿಂಗ್ ಉಂಟಮ್ಮಾ" ಅನ್ನುತ್ತಿ. ಅದಕ್ಕೆ ಬರೆಯುತ್ತಿದ್ದೇನೆ. ಅಭ್ಯಾಸ ಬಿಡದು, ಇಲ್ಲಿ ಅವರನ್ನು ಅಮ್ಮ ಎಂದೇ ಕರೆಯುತ್ತೇನೆ.

ಅಮ್ಮನ ಮದುವೆ ಆದದ್ದು 1966ರಲ್ಲಿ, ಹದಿನೆಂಟಕ್ಕೆ. ನೋಡಲು ಬಂದವರು ಕೇಳಿದ ಮೊದಲ ಪ್ರಶ್ನೆ ಅಡುಗೆಯದ್ದಲ್ಲ, "ದಿನಕ್ಕೆ ಎಷ್ಟು ಕಟ್ಟುತ್ತಾಳೆ?" ಎಂಬುದು. ನಮ್ಮ ಕಡೆ, ಬಂಟ್ವಾಳ, ವಿಟ್ಲ, ಪುತ್ತೂರಿನ ಬಡವರ ಮನೆಗಳಲ್ಲಿ ಅದು ನಾಚಿಕೆಯ ಪ್ರಶ್ನೆಯಲ್ಲ. ಬೀಡಿ ಕಟ್ಟಲು ಬರುವ ಹುಡುಗಿ ಎಂದರೆ ವಾರ ವಾರ ಕೈಗೆ ಕಾಸು ಬರುವ ಹುಡುಗಿ. ಒಳಗಿನಿಂದ ಅಮ್ಮನೇ ಉತ್ತರ ಕೊಟ್ಟರಂತೆ: "ಸಾವಿರ ಕಟ್ಟುತ್ತೇನೆ. ಮಜೂರಿ ನನ್ನ ಕೈಗೇ ಕೊಡುವುದಾದರೆ." ಗಂಡಿನ ಕಡೆಯವರು ತಮಾಷೆ ಎಂದುಕೊಂಡರು. ತಮಾಷೆಯಲ್ಲ ಎಂದು ತಿಳಿಯಲು ಒಂದು ವರ್ಷ ಹಿಡಿಯಿತು. ಆ ವರ್ಷ ಪೂರ್ತಿ ಹಣ ಅತ್ತೆಯ ಸೆರಗಿಗೆ ಹೋಯಿತು. ಆಮೇಲೆ ಒಂದು ಶನಿವಾರ ಅಮ್ಮ ಬ್ರಾಂಚಿನಿಂದ, ಎಂದರೆ ಎಲೆ ಕೊಟ್ಟು ಕಟ್ಟಿದ ಬೀಡಿ ತೆಗೆದುಕೊಳ್ಳುವ ಕಂಪನಿಯ ಜಾಗದಿಂದ, ನೇರ ಪೇಟೆಗೆ ಹೋಗಿ, ಅಕ್ಕಿ, ಉಪ್ಪು, ಒಣಮೀನು ತಾವೇ ತಂದರು. ಉಳಿದ ಚಿಲ್ಲರೆಯನ್ನು ಅತ್ತೆಯ ಮುಂದೆ ಇಡಲಿಲ್ಲ. ದೊಡ್ಡ ಜಗಳವಾಯಿತಂತೆ. ಅಂದಿನಿಂದ ಹಣ ಅಮ್ಮನ ಕೈಯಲ್ಲೇ ಉಳಿಯಿತು.

ಸಾವಿರ ಬೀಡಿ ಎಂದರೆ ನಿನಗೆ ಬರೀ ಒಂದು ಸಂಖ್ಯೆ. ಇಪ್ಪತ್ತೈದು ಬೀಡಿಗೆ ಒಂದು ಕಟ್ಟು, ನಲವತ್ತು ಕಟ್ಟಿಗೆ ಒಂದು ಸಾವಿರ. ಕೆಲಸ ಶುರುವಾಗುವುದು ಹಿಂದಿನ ದಿನ ಸಂಜೆ. ಎಲೆ ನಮ್ಮ ಊರಿನದ್ದಲ್ಲ. ಮಧ್ಯಪ್ರದೇಶ, ಒಡಿಶಾ ಕಡೆಯ ಕಾಡಿನ ತುಂಬುರು ಮರದ್ದು. ಹೊಗೆಸೊಪ್ಪು ಗುಜರಾತಿನದ್ದು, ನಿಪ್ಪಾಣಿಯದ್ದು. ಎಲೆಯ ಕಟ್ಟನ್ನು ನೀರಿನಲ್ಲಿ ಅದ್ದಿ, ಒದ್ದೆ ಗೋಣಿಯಲ್ಲಿ ಸುತ್ತಿಡಬೇಕು. ನೀರು ಹೆಚ್ಚಾದರೆ ಎಲೆ ಕಪ್ಪಾಗಿ ಕೊಳೆಯುತ್ತದೆ, ಕಡಿಮೆಯಾದರೆ ಸುತ್ತುವಾಗ ಬಿರಿಯುತ್ತದೆ. ರಾತ್ರಿ ಊಟ ಮುಗಿಸಿ ಚಿಮಿಣಿ ದೀಪದ ಪಕ್ಕ ಕೂತು, ತಗಡಿನ ಅಳತೆ ಇಟ್ಟು ಕತ್ತರಿಯಲ್ಲಿ ಎಲೆ ಕತ್ತರಿಸುವುದು. ಒಂದು ಎಲೆಯಲ್ಲಿ ಎಷ್ಟು ತುಂಡು ತೆಗೆಯುತ್ತಿ ಎಂಬುದರಲ್ಲೇ ಲಾಭ ನಷ್ಟ. ತೂತು ಬಿದ್ದ ಎಲೆಯಲ್ಲೂ ತೂತನ್ನು ತಪ್ಪಿಸಿ ಎರಡು ತುಂಡು ತೆಗೆಯುವುದನ್ನು ಅಮ್ಮನಿಂದ ಕಲಿಯಬೇಕಿತ್ತು.

ಬೆಳಿಗ್ಗೆ ಐದಕ್ಕೆ ಎದ್ದು ಗಂಜಿ ಬೇಯಲು ಇಟ್ಟು, ದನದ ಹಟ್ಟಿಯ ಕೆಲಸ ಮುಗಿಸಿ, ಜಗಲಿಯಲ್ಲಿ ತಡ್ಪೆಯನ್ನು (ಮೊರವನ್ನು) ಮಡಿಲಿಗೆ ಎಳೆದುಕೊಂಡರೆ ಮತ್ತೆ ಮೇಲೆ ನೋಡುತ್ತಿರಲಿಲ್ಲ. ಎಡಗೈಯಲ್ಲಿ ಎಲೆ, ಬಲಗೈಯ ಮೂರು ಬೆರಳಲ್ಲಿ ಹೊಗೆಸೊಪ್ಪು. ಎಷ್ಟು ಹಿಡಿಯಬೇಕೆಂದು ಬೆರಳಿಗೇ ಗೊತ್ತು, ತಕ್ಕಡಿ ಬೇಡ. ಒಂದು ಉರುಳು, ನೂಲಿನ ಎರಡು ಸುತ್ತು, ಮುಗಿಯಿತು. ಬಾಯಿ ಮಡಚಿ ಮುಚ್ಚುವ ಕೆಲಸ ಮಕ್ಕಳದ್ದು. ಶಾಲೆಗೆ ಹೋಗುವ ಮೊದಲು ನಾನೂ ನಿನ್ನ ದೊಡ್ಡಮ್ಮನೂ ಪಂತ ಕಟ್ಟಿ ಮಡಚುತ್ತಿದ್ದೆವು. ಶಾಲೆಯಲ್ಲಿ ಪಕ್ಕ ಕೂತ ಹುಡುಗಿ "ನಿನ್ನ ಕೈ ವಾಸನೆ" ಎಂದು ದೂರ ಸರಿದರೆ, ಅವಳಿಗೂ ಅದೇ ವಾಸನೆ ಎಂದು ನಾನು ಹೇಳುತ್ತಿದ್ದೆ. ನಿಜವೂ ಆಗಿತ್ತು. ಕ್ಲಾಸಿನ ಅರ್ಧದಷ್ಟು ಮನೆಗಳಲ್ಲಿ ತಡ್ಪೆ ಇತ್ತು.

ಮಳೆಗಾಲ ಬಂದರೆ ಇನ್ನೊಂದು ಕಥೆ. ಆಟಿ ತಿಂಗಳ (ಆಷಾಢದ) ಮಳೆಗೆ ಕಟ್ಟಿದ ಬೀಡಿ ಒಣಗುವುದೇ ಇಲ್ಲ. ಒಲೆಯ ಮೇಲಿನ ಅಟ್ಟದಲ್ಲಿ ತಡ್ಪೆ ಇಟ್ಟು ಬಿಸಿ ಹಿಡಿಸಬೇಕು. ಆ ದಿನಗಳಲ್ಲಿ ನಮ್ಮ ಅನ್ನಕ್ಕೂ ಸಾರಿಗೂ ಹೊಗೆಸೊಪ್ಪಿನ ವಾಸನೆ.

ಈಗ ಬ್ರಾಂಚಿನ ವಿಷಯ. ವಾರಕ್ಕೆ ಆರು ದಿನ, ಕಟ್ಟಿದ ಬೀಡಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ, ಗದ್ದೆಯ ಬದುವಿನಲ್ಲಿ ನಡೆದು, ತೋಡು ದಾಟಿ ಹೋಗಬೇಕು. ಅಲ್ಲಿ ಸಾಲು. ಆ ಸಾಲಿನಲ್ಲಿ ಎಲ್ಲ ಜಾತಿಯವರೂ ಇದ್ದರು, ನಮ್ಮ ಕರಾವಳಿಯ ಮುಸ್ಲಿಮರಾದ ಬ್ಯಾರಿ ಹೆಂಗಸರೂ ಕ್ರಿಶ್ಚಿಯನ್ ಹೆಂಗಸರೂ ಇದ್ದರು. ಊರಿನಲ್ಲಿ ಇವರೆಲ್ಲ ಒಟ್ಟಿಗೆ ನಿಂತು ಅಷ್ಟು ಹೊತ್ತು ಮಾತಾಡುವ ಬೇರೆ ಜಾಗವೇ ಇರಲಿಲ್ಲ. ಯಾರ ಮಗಳಿಗೆ ಗಂಡು ಬಂತು, ಯಾವ ಅಂಗಡಿಯಲ್ಲಿ ಸೀರೆ ಕಂತಿನಲ್ಲಿ ಸಿಗುತ್ತದೆ, ಯಾವ ಡಾಕ್ಟರು ಒಂದೇ ಸೂಜಿಗೆ ಜ್ವರ ಇಳಿಸುತ್ತಾರೆ, ಎಲ್ಲ ಅಲ್ಲೇ ಗೊತ್ತಾಗುವುದು. ಅಮ್ಮನಿಗೆ ಆ ಸಾಲು ಇಷ್ಟ. ಹಬ್ಬದ ರಜೆ ಬಂದರೆ ಮೂರನೇ ದಿನಕ್ಕೆ ಸಿಡಿಮಿಡಿ ಶುರು.

ಸಾಲಿನ ತುದಿಯಲ್ಲಿ ಕೂತವನು ಕಟ್ಟನ್ನು ಬಿಡಿಸಿ, ತಿರುಗಿಸಿ ನೋಡಿ, "ಇದು ಸಡಿಲ, ಇದು ಸಪೂರ" ಎಂದು ಪಕ್ಕಕ್ಕೆ ಹಾಕುತ್ತಿದ್ದ. ಹಾಗೆ ಹಾಕಿದ್ದಕ್ಕೆ ಮಜೂರಿ ಇಲ್ಲ. ಹೊಸ ಎಲೆ ತೂಗುವಾಗ ಕಟ್ಟಿನ ಒಳಗೆ ಹರಿದದ್ದು, ಬೂಸಲು ಹಿಡಿದದ್ದು ಎಷ್ಟೋ. ಸಾವಿರಕ್ಕೆ ಎಲೆ ಸಾಲದಿದ್ದರೆ ಹೊರಗಿನಿಂದ ಕೊಂಡು ತುಂಬಿಸಬೇಕು, ಇಲ್ಲವಾದರೆ ಮಜೂರಿಯಲ್ಲಿ ಕಡಿತ. ಒಂದು ದಿನ ಅಮ್ಮ ಕೇಳಿದರಂತೆ: "ಪಕ್ಕಕ್ಕೆ ಹಾಕಿದ ಬೀಡಿಯನ್ನು ಎಂತ ಮಾಡುತ್ತೀರಿ?" ಅವನು ಉತ್ತರಿಸಲಿಲ್ಲ. "ಕೆಟ್ಟದ್ದಾದರೆ ನನ್ನ ಎದುರೇ ಹರಿದು ಹಾಕಿ. ಹರಿಯುವುದಿಲ್ಲವಾದರೆ ಅದು ಒಳ್ಳೆಯದ್ದೇ, ಲೆಕ್ಕಕ್ಕೆ ಸೇರಿಸಿ." ಹಿಂದೆ ನಿಂತ ಹೆಂಗಸರೂ ದನಿಗೂಡಿಸಿದರು. ಅವತ್ತಿನಿಂದ ಅಮ್ಮನ ಕಟ್ಟಿನಿಂದ ತೆಗೆಯುವುದು ಕಡಿಮೆಯಾಯಿತು. ಉಳಿದವರದ್ದು ಅಷ್ಟೇನೂ ಕಡಿಮೆಯಾಗಲಿಲ್ಲ ಎಂಬುದನ್ನೂ ಹೇಳಬೇಕು. ಜಗಳಗಂಟಿಯನ್ನು ಒಬ್ಬಳನ್ನು ಬಿಟ್ಟು ಉಳಿದವರ ಮೇಲೆ ಕೈಯಾಡಿಸುವ ಉಪಾಯ ಅವನಿಗೂ ಗೊತ್ತಿತ್ತು. ಆಮೇಲೆ ಯೂನಿಯನ್‌ನವರು ಬಂದಾಗ ಅಮ್ಮ ಮೊದಲು ರಶೀದಿ ಬರೆಸಿದ್ದು ಇದೇ ಕಾರಣಕ್ಕೆ. ಕೆಂಬಾವುಟದ ಮೇಲೆ ಭಕ್ತಿ ಏನೂ ಇರಲಿಲ್ಲ. ಮೆರವಣಿಗೆಗೆ ಹೋಗಿ ಬಂದವರೇ ಭೂತದ ಕೋಲಕ್ಕೆ ಹರಕೆಯನ್ನೂ ಕೊಟ್ಟು ಬರುತ್ತಿದ್ದರು.

ಇಲ್ಲಿ ಸ್ವಲ್ಪ ಟೀಚರಮ್ಮ ಆಗುತ್ತೇನೆ, ಸಹಿಸಿಕೋ. ಅಮ್ಮನ ಮದುವೆಯಾದ ವರ್ಷವೇ, 1966ರಲ್ಲೇ, ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಬಂತು. ಓದಿದರೆ ಚಂದ ಇತ್ತು: ಸಂಬಳದ ರಜೆ, ಹೆರಿಗೆ ಸೌಲಭ್ಯ, ಹೆಂಗಸರು ಹೆಚ್ಚಿರುವಲ್ಲಿ ಮಕ್ಕಳಿಗೆ ಶಿಶುವಿಹಾರ. ಬೆಳಿಗ್ಗೆ ಆರಕ್ಕಿಂತ ಮೊದಲು, ಸಂಜೆ ಏಳರ ನಂತರ ಹೆಂಗಸರಿಂದ ಕೆಲಸ ಮಾಡಿಸಬಾರದು ಎಂದೂ ಇತ್ತು. ಆದರೆ ಆ ಗಂಟೆಯ ಕಟ್ಟು ಇದ್ದದ್ದು ಕೆಲಸದ ಶೆಡ್ಡಿಗೆ. ನಮ್ಮ ಜಗಲಿಗೆ ಯಾವ ಗಂಟೆ? ರಾತ್ರಿ ಹತ್ತಕ್ಕೆ ಎಲೆ ಕತ್ತರಿಸುವ ಹೆಂಗಸನ್ನು ನೋಡಲು ಯಾವ ಇನ್‌ಸ್ಪೆಕ್ಟರ್ ಬರುತ್ತಾನೆ? ಶೆಡ್ಡು ಕಟ್ಟಿ ಕೆಲಸ ಮಾಡಿಸಿದರೆ ಖರ್ಚು, ಮನೆಗೆ ಎಲೆ ಕೊಟ್ಟರೆ ಬಾಡಿಗೆಯೂ ಇಲ್ಲ, ದೀಪದ ಎಣ್ಣೆಯೂ ಇಲ್ಲ. ಕಾಯ್ದೆ ಜಾರಿಗೆ ಬರುವಾಗ ಮಂಗಳೂರಿನ ದೊಡ್ಡ ಕಂಪನಿಗಳು 1968ರಲ್ಲಿ ಕೇರಳದ ಕಣ್ಣೂರಿನ ಕೆಲಸವನ್ನೇ ನಿಲ್ಲಿಸಿದವು. ಕೆಲಸ ಕಳೆದುಕೊಂಡವರಿಗಾಗಿ ಅಲ್ಲಿ 1969ರಲ್ಲಿ ದಿನೇಶ್ ಬೀಡಿ ಸಹಕಾರಿ ಸಂಘ ಹುಟ್ಟಿತು. ಅಲ್ಲಿ ಸಾಲಾಗಿ ಕೂತು ಬೀಡಿ ಕಟ್ಟುವವರಿಗೆ ಒಬ್ಬ ಪೇಪರು ಗಟ್ಟಿಯಾಗಿ ಓದಿ ಹೇಳುತ್ತಿದ್ದನಂತೆ. ಗಡಿಯ ಈಚೆ ನಮ್ಮವರು ಒಬ್ಬೊಬ್ಬರೇ, ತಂತಮ್ಮ ಜಗಲಿಯಲ್ಲಿ. ನಮಗೆ ಓದಿ ಹೇಳುವವರಿರಲಿಲ್ಲ. 1976ರಲ್ಲಿ ಮಂಗಳೂರು ಆಕಾಶವಾಣಿ ಶುರುವಾದ ಮೇಲೆ ಅಮ್ಮ ಬೋನಸ್ಸಿನಲ್ಲಿ ತಂದ ರೇಡಿಯೋವೇ ನಮ್ಮ ಪೇಪರು. ತಾಳಮದ್ದಳೆ ಬಂದ ದಿನ ಬೀಡಿ ನೂರು ಹೆಚ್ಚೇ ಆಗುತ್ತಿತ್ತು. ಅರ್ಥಧಾರಿಗಳ ವಾದ ಬಿಸಿಯೇರಿದಷ್ಟೂ ಅಮ್ಮನ ಬೆರಳೂ ಓಡುತ್ತಿತ್ತು.

ಆ ಕಾಯ್ದೆಯ ಮೇಲೆ ಕಂಪನಿಗಳು ಸುಪ್ರೀಂ ಕೋರ್ಟಿನವರೆಗೂ ಹೋದವು. 1974ರಲ್ಲಿ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು; ಮನೆಯಲ್ಲಿ ಕೂತು ಕಟ್ಟುವವರೂ ಅದರೊಳಗೆ ಬಂದರು. 1977ರಲ್ಲಿ ಬೀಡಿಯವರಿಗೆ ಪಿ.ಎಫ್. ಬಂತು. ಮನೆಯಲ್ಲಿ ಕಟ್ಟುವವರಿಗೆ ಅದು ಇಲ್ಲವೆಂಬ ವಾದವೂ ಕೋರ್ಟಿಗೆ ಹೋಗಿ, 1985ರಲ್ಲಿ ಬಿದ್ದುಹೋಯಿತು. ಎಂದರೆ, ನೀನು ಬರೆದ ಹಾಗೆ "ಮನೆಯಲ್ಲೇ ಇದ್ದು ನೆರವಾದ" ಹೆಂಗಸನ್ನು ದೇಶದ ಅತಿದೊಡ್ಡ ಕೋರ್ಟು ಎರಡೆರಡು ಸಲ ಕಾರ್ಮಿಕಳೆಂದು ಒಪ್ಪಿತ್ತು. ನಮ್ಮ ರೇಷನ್ ಕಾರ್ಡು ಮಾತ್ರ ಕೊನೆಯವರೆಗೂ ಒಪ್ಪಲಿಲ್ಲ. ಅದರಲ್ಲಿ ಅಮ್ಮನ ವೃತ್ತಿ ಎಂದೂ ಬದಲಾಗಲಿಲ್ಲ: ಮನೆವಾರ್ತೆ.

ಅಜ್ಜನನ್ನು ಕಡಿಮೆ ಮಾಡಿ ಹೇಳುತ್ತಿಲ್ಲ. ಅವರು ಅಡಿಕೆ ಕೊಯ್ಯಲು, ಸೊಪ್ಪು ಕಡಿಯಲು ಹೋಗುತ್ತಿದ್ದರು, ಮಳೆಗಾಲದಲ್ಲಿ ಕೆಲಸವಿಲ್ಲ. ಭೂಮಿ ಗೇಣಿಯದ್ದು, ಧಣಿಗಳಿಗೆ ವರ್ಷಕ್ಕೆ ಇಷ್ಟು ಮುಡಿ ಅಕ್ಕಿ ಅಳೆಯಬೇಕು. 1974ರಲ್ಲಿ ದೇವರಾಜ ಅರಸರ ಕಾಲದ ಭೂಸುಧಾರಣೆ ಬಂದಾಗ, ಗೇಣಿಯ ಭೂಮಿ ನಮ್ಮ ಹೆಸರಿಗಾಗಲಿ ಎಂದು ಡಿಕ್ಲರೇಷನ್ ಕೊಡಲು ಅಜ್ಜನಿಗೆ ಹೆದರಿಕೆ. ಧಣಿಗಳ ಮುಖ ನೋಡಬೇಕಲ್ಲ! ಅಮ್ಮ ಹೇಳಿದರಂತೆ: "ಗದ್ದೆ ಹೋದರೂ ನನ್ನ ಬೀಡಿ ಉಂಟು, ಹಸಿವಿನಿಂದ ಸಾಯುವುದಿಲ್ಲ. ಕೊಡಿ." ಆ ಧೈರ್ಯದ ಬುಡ ಎಲ್ಲಿತ್ತು ನೋಡು. ನಮ್ಮ ಜಿಲ್ಲೆಯ ಭೂಸುಧಾರಣೆಯ ಬಗ್ಗೆ ಪುಸ್ತಕಗಳೇ ಉಂಟು. ಆದರೆ ಭೂಮಿ ಕೈಗೆ ಬಂದ ಮೇಲೆ ಬಾವಿ ತೋಡಲು, ಅಡಿಕೆ ಸಸಿ ಇಡಲು, ಪಂಪು ಕೂರಿಸಲು ಹಣ ಎಲ್ಲಿಂದ ಬಂತು ಎಂದು ಕೇಳಿದವರು ಕಡಿಮೆ. ನಮ್ಮಲ್ಲಂತೂ ಅದು ಬಂದದ್ದು ಅಮ್ಮನ ಚೀಟಿ ಫಂಡಿನಿಂದ. ನೀನು ಪ್ರತಿ ರಜೆಯಲ್ಲಿ ಬಂದು ಫೋಟೋ ತೆಗೆಯುವ ಆ ತೋಟ, ಅಡಿಕೆಗೆ ಮೊದಲು ಬೀಡಿಯದ್ದು.

ಇನ್ನು ನೀನು ಬರೆಯದೇ ಬಿಟ್ಟವರ ಮಾತು. ನಿನಗೆ ಗೊತ್ತಿಲ್ಲದ್ದಕ್ಕೆ ಬಿಟ್ಟಿದ್ದಿ, ತಪ್ಪಲ್ಲ. "ಬೀಡಿ ಕಟ್ಟಿ ಮಗಳನ್ನು ಟೀಚರ್ ಮಾಡಿದರು" ಎಂದಿದ್ದಿ. ಅಮ್ಮನಿಗೆ ಇಬ್ಬರು ಹೆಣ್ಣುಮಕ್ಕಳು. 1980ರಲ್ಲಿ ನಿನ್ನ ದೊಡ್ಡಮ್ಮ ಏಳನೇ ಕ್ಲಾಸು ಮುಗಿಸಿದಾಗ ಅಮ್ಮ ಅವಳನ್ನು ಶಾಲೆ ಬಿಡಿಸಿದರು. ಬಾವಿಯ ಸಾಲ ಇತ್ತು, ಅಜ್ಜ ಮರದಿಂದ ಬಿದ್ದು ಕಾಲು ಮುರಿದುಕೊಂಡು ಮಲಗಿದ್ದರು. ಒಬ್ಬರ ಸಾವಿರ ಸಾಲದು, ಇನ್ನೂ ಎರಡು ಕೈ ಬೇಕಿತ್ತು. ದೊಡ್ಡಮ್ಮ ಲೆಕ್ಕದಲ್ಲಿ ನನಗಿಂತ ಚುರುಕು. ಎರಡು ದಿನ ಊಟ ಬಿಟ್ಟು ಅತ್ತಳು. ಮೂರನೇ ದಿನ ತಡ್ಪೆ ಹಿಡಿದಳು. ಅವಳು ಹದಿಮೂರಕ್ಕೆ ಕಟ್ಟಲು ಶುರು ಮಾಡಿದ ಬೀಡಿಯ ಮೇಲೆ ನಾನು ಹೈಸ್ಕೂಲಿಗೆ ಹೋದೆ. ಬೀಡಿ ಕಾರ್ಮಿಕರ ಮಕ್ಕಳ ವಿದ್ಯಾರ್ಥಿವೇತನವೂ ಸಿಕ್ಕಿತು. ಆ ಹಣ 1976ರ ಕಲ್ಯಾಣ ನಿಧಿಯದ್ದು, ಬೀಡಿಯ ಮೇಲೇ ಹಾಕಿದ ಸೆಸ್ಸಿನದ್ದು. ಅರ್ಜಿಗೆ ಕಾರ್ಮಿಕರ ಗುರುತಿನ ಚೀಟಿ ಬೇಕೆಂದಾಗ ಅಮ್ಮ ಬ್ರಾಂಚಿನಲ್ಲಿ ಕೂತು, ಕೊಡದೆ ಏಳುವುದಿಲ್ಲ ಎಂದರು. ಏಳಲೂ ಇಲ್ಲ.

ಒಬ್ಬಳಿಗಾಗಿ ಹಟ ಹಿಡಿದು ಕೂತದ್ದೂ ಅದೇ ಅಮ್ಮ, ಇನ್ನೊಬ್ಬಳ ಕೈಯಿಂದ ಪುಸ್ತಕ ತೆಗೆದದ್ದೂ ಅದೇ ಅಮ್ಮ. ಅವರನ್ನು ದೇವಿ ಮಾಡಿದರೆ ಈ ಎರಡನೆಯದ್ದನ್ನು ಮುಚ್ಚಿಡಬೇಕಾಗುತ್ತದೆ. ಅವರೇ ಮುಚ್ಚಿಡಲಿಲ್ಲ. ದೊಡ್ಡಮ್ಮನ ಮದುವೆಗೆ ಬೆಂಡೋಲೆ, ಎರಡೆಳೆ ಸರ ಮಾಡಿಸಿದರು, ನನಗೆ ಮಾಡಿಸಲಿಲ್ಲ. ನಾನು ಕೇಳಿದಾಗ, "ನಿನಗೆ ಓದಿಸಿದ್ದೇನೆ, ಅವಳಿಗೆ ಅದೂ ಇಲ್ಲವಲ್ಲ" ಎಂದರು. ಚಿನ್ನದಿಂದ ಆ ಲೆಕ್ಕ ಸರಿಯಾಯಿತೆಂದು ಅವರು ನಂಬಿರಲಿಕ್ಕಿಲ್ಲ. ದೊಡ್ಡಮ್ಮ ಇವತ್ತಿಗೂ ಈ ಬಗ್ಗೆ ಬಾಯಿ ಬಿಡುವುದಿಲ್ಲ. ನನ್ನ ಶಾಲೆಯ ಮಕ್ಕಳ ಲೆಕ್ಕದ ಪೇಪರು ಕಂಡರೆ ಮಾತ್ರ ಎತ್ತಿಕೊಂಡು, ತಪ್ಪು ಎಲ್ಲಾಗಿದೆ ಎಂದು ತೋರಿಸುತ್ತಾಳೆ.

ಹೊಗೆಯ ಬಗ್ಗೆ ನೀನು ಒಮ್ಮೆ ಕೇಳಿದ್ದಿ, ಜನರ ಶ್ವಾಸಕೋಶ ಸುಟ್ಟ ಹಣ ಅಲ್ಲವಾ ಎಂದು. ಹೌದು. ಅಜ್ಜ ಹೋದದ್ದೇ ಆ ಕೆಮ್ಮಿನಲ್ಲಿ. ಕಟ್ಟುವವರನ್ನೂ ಅದು ಬಿಡುವುದಿಲ್ಲ. ಬೀಡಿ ಬಾಯಿಗಿಡದ ಅಮ್ಮನಿಗೂ ಹೊಗೆಸೊಪ್ಪಿನ ಧೂಳಿಗೆ ದಮ್ಮು, ಬಗ್ಗಿ ಬಗ್ಗಿ ಸೊಂಟ ನೆಟ್ಟಗಾಗದ ಸ್ಥಿತಿ, ಐವತ್ತಕ್ಕೇ ಮಂಜಾದ ಕಣ್ಣು. ಮೊಲೆ ಕುಡಿಯುವ ಮಗು ಕೈಯ ವಾಸನೆಗೆ ಮುಖ ತಿರುಗಿಸುತ್ತಿತ್ತು ಎಂದು ಹೇಳುತ್ತಿದ್ದರು. ಆ ಮಗು ನಾನೇ. ಪಾಪಪ್ರಜ್ಞೆ ಇತ್ತಾ ಎಂದು ಕೇಳಿದರೆ, "ಸೇದುವವರು ನಿಲ್ಲಿಸಲಿ, ನಾನು ಬೇರೆ ಕೆಲಸ ಹುಡುಕುತ್ತೇನೆ. ಬೇರೆ ಕೆಲಸ ಎಲ್ಲಿ ಉಂಟು, ನೀನು ಹೇಳು" ಎನ್ನುತ್ತಿದ್ದರು. ಆ ಪ್ರಶ್ನೆಗೆ ಸರಕಾರದವರ ಬಳಿಯೂ ಉತ್ತರವಿಲ್ಲ, ನನ್ನ ಬಳಿಯೂ ಇಲ್ಲ.

ಕೆಲಸ ಬಿಟ್ಟ ಮೇಲೆ ಪಿಂಚಣಿ ಬರತೊಡಗಿತು, ಕೆಲವು ನೂರು ರೂಪಾಯಿ. 2014ರಲ್ಲಿ ಕನಿಷ್ಠ 1000 ರೂಪಾಯಿ ಎಂದಾಯಿತು. ನಿನ್ನ ಒಂದು ಹೊತ್ತಿನ ಹೋಟೆಲ್ ಬಿಲ್ಲು ಅದು, ಗೊತ್ತುಂಟು. ಆದರೆ ಆ ದಿನ ಅಮ್ಮ ಬ್ಯಾಂಕಿಗೆ ತಾವೇ ಹೋಗುತ್ತಿದ್ದರು. ನಾನು ಎ.ಟಿ.ಎಮ್.ನಿಂದ ತಂದುಕೊಡುತ್ತೇನೆ ಎಂದರೆ ಕೇಳುತ್ತಿರಲಿಲ್ಲ. ಸೀರೆ ಬದಲಿಸಿ, ಬೆಂಡೋಲೆ ಹಾಕಿಕೊಂಡು, ಬಸ್ಸಿನಲ್ಲಿ ಹೋಗಿ, ಬರುವಾಗ ದೊಡ್ಡ ಬಂಗುಡೆ ತರುತ್ತಿದ್ದರು. ಬೆಲೆ ಚೌಕಾಸಿ ಮಾಡದೆ ಮೀನು ಕೊಳ್ಳುವುದು ಅವರಿಗೆ ತಿಂಗಳಿಗೆ ಆ ಒಂದೇ ದಿನ.

ಈಗ ನಿನ್ನಿಂದ ಆಗಬೇಕಾದ ಕೆಲಸ ಹೇಳುತ್ತೇನೆ. ದೊಡ್ಡಮ್ಮನಿಗೆ ಐವತ್ತೆಂಟಾಯಿತು. ಈಗೀಗ ಎಲೆ ವಾರಕ್ಕೆ ಮೂರು ದಿನ ಬಂದರೆ ಹೆಚ್ಚು. ನಮ್ಮ ಹಳೆಯ ಬ್ರಾಂಚು ಮುಚ್ಚಿ, ಎರಡು ಊರಿಗೆ ಒಂದಾಗಿದೆ. ಕಲ್ಯಾಣ ನಿಧಿಯ ಸೆಸ್ಸೂ 2017ರಲ್ಲಿ ಜಿ.ಎಸ್.ಟಿ. ಬಂದಾಗ ನಿಂತಿತು. ಹೊಸ ಹುಡುಗಿಯರು ಯಾರೂ ತಡ್ಪೆ ಹಿಡಿಯುವುದಿಲ್ಲ, ಹಿಡಿಯುವುದೂ ಬೇಡ. ಅವಳ ಪಿಂಚಣಿ ಅರ್ಜಿ ಮಾತ್ರ ನಿಂತಿದೆ. ಬ್ರಾಂಚಿನ ಲೆಕ್ಕ ಬರೆಯುವ ಬೀಡಿ ಪುಸ್ತಕದಲ್ಲಿ ಅಪ್ಪನ ಮನೆಯ ಹೆಸರು, ಆಧಾರಿನಲ್ಲಿ ಗಂಡನ ಮನೆಯ ಹೆಸರು, ಹುಟ್ಟಿದ ವರ್ಷ ಎರಡರಲ್ಲೂ ಬೇರೆ ಬೇರೆ. ಪಿ.ಎಫ್. ನಂಬರು ಎರಡಾಗಿವೆ, ಮದುವೆಗೆ ಮೊದಲಿನದ್ದು ಒಂದು, ನಂತರದ್ದು ಒಂದು. ಎರಡನ್ನೂ ಸೇರಿಸದಿದ್ದರೆ ಅವಳ ಮೊದಲ ವರ್ಷಗಳು ಲೆಕ್ಕಕ್ಕೇ ಬರುವುದಿಲ್ಲ. ಅದೆಲ್ಲ ಈಗ ಆನ್‌ಲೈನ್ ಅಂತೆ. ಸೈಬರ್ ಅಂಗಡಿಯ ಹುಡುಗನಿಗೆ ತಾಳ್ಮೆಯಿಲ್ಲ, ನನಗೆ ಓ.ಟಿ.ಪಿ. ಬರುವಷ್ಟರಲ್ಲಿ ಪೇಜು ಮುಚ್ಚಿಹೋಗುತ್ತದೆ.

ಚೌತಿಗೆ ಬರುತ್ತೇನೆ ಅಂದಿದ್ದೀಯಲ್ಲ, ಎರಡು ದಿನ ಹೆಚ್ಚು ರಜೆ ಹಾಕು. ಲ್ಯಾಪ್‌ಟಾಪ್ ತಾ. ದೊಡ್ಡಮ್ಮನ ಹಳೆಯ ಪುಸ್ತಕ, ಗುರುತಿನ ಚೀಟಿ, ಶಾಲೆಯ ಟಿ.ಸಿ. ಎಲ್ಲ ನಾನು ಹುಡುಕಿಟ್ಟಿದ್ದೇನೆ. ಹುಟ್ಟಿದ ತಾರೀಕಿಗೆ ಆ ಟಿ.ಸಿ.ಯೇ ದಾಖಲೆಯಾಗುತ್ತದೆ ಎಂದು ಯೂನಿಯನ್ ಆಫೀಸಿನವರು ಹೇಳಿದ್ದಾರೆ. ಬರುವ ಮೊದಲು ಅವಳಿಗೊಂದು ಫೋನ್ ಮಾಡಿ ಮೊಬೈಲ್ ನಂಬರು ಆಧಾರಿಗೆ ಜೋಡಿಸಿದೆಯಾ ಎಂದು ಕೇಳು. ನಾನು ಕೇಳಿದರೆ "ಆಯ್ತು ಆಯ್ತು" ಅನ್ನುತ್ತಾಳೆ, ನೀನು ಕೇಳಿದರೆ ಹೋಗಿ ಮಾಡಿಸಿಕೊಂಡು ಬರುತ್ತಾಳೆ.

ನಿನ್ನ
ಅಮ್ಮ